ನಮ್ಮೂರ ರಸ್ತೆಯ ಮಳೆಗಾಲದ ಸರ್ವಿಸ್: ಐದಕ್ಕೆ ಎರಡು ಸ್ಟಾರ್, ಅದ್ರಲ್ಲೊಂದು ಘಾಟಿಯ ಜೆಸಿಬಿ ಹುಡುಗನಿಗೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಮಳೆಗಾಲದ ರಿವ್ಯೂ. ಜನವರಿಲಿ ಬೆಂಗಳೂರಿಂದ ಬಂದು ಆಗುಂಬೆಲಿ ಸೂರ್ಯಾಸ್ತ ನೋಡಿ, ದಾರಿ ಬದಿ ಗಾಡಿ ನಿಲ್ಸಿ ಫೋಟೋ ಹೊಡ್ಕೊಂಡು "ರೋಡ್ ಸೂಪರ್ ಗುರೂ" ಅಂತ ಐದು ಸ್ಟಾರ್ ಒತ್ತಿ ಹೋದೋರ ಜೊತೆ ನಂಗೇನೂ ಜಗಳ ಇಲ್ಲ, ಜನವರಿಲಿ ಕೇಳಿದ್ರೆ ನಾನೂ ನಾಲ್ಕು ಕೊಡ್ತೀನಿ. ಆದ್ರೆ ರಸ್ತೆ ನೋಡ್ಕೊಳೋ ಕೆಲಸ ಹೆಂಗೆ ನಡೀತಿದೆ ಅಂತ ಗೊತ್ತಾಗ್ಬೇಕು ಅಂದ್ರೆ ಆರಿದ್ರಾ ಮಳೆ ಹಿಡಿದ ಮೇಲೆ ಬರ್ಬೇಕು, ಪುನರ್ವಸು, ಪುಷ್ಯ ಎರಡನ್ನೂ ಇಲ್ಲೇ ಕಳೀಬೇಕು, ಆಮೇಲೆ ಮಾತಾಡ್ಬೇಕು.

ನಾನಿರೋದು ಆಗುಂಬೆ ಘಾಟಿ ಮೇಲ್ಗಡೆ ಒಂದು ಹಳ್ಳಿಲಿ. ಊರಿನ ಹೆಸ್ರು ಬೇಡ, ಪಂಚಾಯ್ತಿಲಿ ಇರೋರೆಲ್ಲ ಪರಿಚಯದೋರೇ, ನಾಳೆ ಮದ್ವೆ ಮನೆಲಿ ಅವ್ರ ಪಕ್ಕದ ಎಲೆಗೇ ಕೂರ್ಬೇಕು. ತಿಂಗ್ಳಿಗೊಂದ್ಸಲ ಅಪ್ಪಯ್ಯನ್ನ ಚೆಕಪ್ಪಿಗೆ ಅಂತ ಘಾಟಿ ಇಳಿಸಿ ಮಣಿಪಾಲಕ್ಕೆ ಕರ್ಕೊಂಡು ಹೋಗ್ತೀನಿ, ಹಾಗಾಗಿ ಒಂದೇ ದಿನದಲ್ಲಿ ಮೂರು ಥರದ ರಸ್ತೆ ಮೇಲೆ ಓಡಾಟ ಆಗುತ್ತೆ, ಮನೆಯಿಂದ ನಾಲ್ಕು ಕಿಲೋಮೀಟರ್ ಹಳ್ಳಿ ರಸ್ತೆ, ಅಲ್ಲಿಂದ ಪಿಡಬ್ಲ್ಯೂಡಿ ರಸ್ತೆ, ಆಮೇಲೆ 169ಎ ಹೆದ್ದಾರಿ. ಮೂರನ್ನೂ ನೋಡ್ಕೊಳೋರು ಬೇರೆ ಬೇರೆ, ಬೀಳೋ ಮಳೆ ಒಂದೇ. ಆಗುಂಬೆಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುತ್ತೆ, ಬೆಂಗಳೂರಿಗೆ ಬೀಳೋದು 1000 ಆಸುಪಾಸು, ಅಷ್ಟಕ್ಕೇ ಅಲ್ಲಿ ದೋಣಿ ಇಳಿಸೋ ಪರಿಸ್ಥಿತಿ ಬರುತ್ತೆ. ಹಾಗಾಗಿ ಇಲ್ಲಿ ರಸ್ತೆ ಉಳ್ಸೋದು ಸುಲಭ ಅಂತ ನಾನೇನೂ ಹೇಳ್ತಿಲ್ಲ.

ಮೊದ್ಲು ಚರಂಡಿ ವಿಷ್ಯ. ಡಾಂಬರು ಆಮೇಲೆ. ನಮ್ಮ ಹಿಂದಿನ ಮನೆಲಿ ರಿಟೈರ್ ಆದ ರಸ್ತೆ ಗ್ಯಾಂಗ್‌ಮನ್ ಅಜ್ಜ ಒಬ್ರಿದಾರೆ. ಅವ್ರ ಕಾಲದಲ್ಲಿ ಒಬ್ಬೊಬ್ರಿಗೆ ಇಷ್ಟಿಷ್ಟು ಮೈಲಿ ಅಂತ ವಹಿಸಿಕೊಟ್ಟಿರ್ತಿದ್ರಂತೆ, ಮೇ ತಿಂಗಳು ಬಂತು ಅಂದ್ರೆ ಹಾರೆ ಗುದ್ದಲಿ ಹೆಗಲಿಗೆ ಹಾಕ್ಕೊಂಡು ಹೊರಟು ಚರಂಡಿ ಹೂಳು ತೆಗ್ಯೋದು, ರಸ್ತೆ ಅಡಿಯ ಮೋರಿ ಬಾಯಿ ಬಿಡ್ಸೋದು, ಡಾಂಬರಿನ ಅಂಚಿನ ಹುಲ್ಲು ಕೆತ್ತೋದು, ಇಳಿಜಾರಲ್ಲಿ ನೀರು ಜೋರು ಹಿಡಿಯೋ ಮುಂಚೆ ಅಲ್ಲಲ್ಲಿ ಪಕ್ಕಕ್ಕೆ ಕಡಿದು ಕಾಡಿಗೆ ಬಿಡೋದು, ಇಷ್ಟೇ ಕೆಲಸ. ಇಷ್ಟೇ ಅಂದ್ರೂ ಇದ್ರಲ್ಲಿ ಲೆಕ್ಕ ಇದೆ ನೋಡಿ. ರಸ್ತೆ ನಡು ಸ್ವಲ್ಪ ಉಬ್ಬಿರ್ಬೇಕು, ಆಮೆ ಬೆನ್ನಿನ ಹಾಗೆ. ನೂರಕ್ಕೆ 2.5ರಷ್ಟು ಇಳಿಜಾರು ಕೊಟ್ರು ಅಂತಿಟ್ಕೊಳ್ಳಿ, 3.75 ಮೀಟರ್ ಅಗಲದ ಹಳ್ಳಿ ರಸ್ತೆ ಆದ್ರೆ ನಡುವಿಂದ ಅಂಚಿಗೆ ಐದು ಸೆಂಟಿಮೀಟರೂ ಇಳಿಯಲ್ಲ, ಹೆಚ್ಚು ಅಂದ್ರೆ ಮೂರು ಬೆರಳು. ಆ ಮೂರು ಬೆರಳಿನ ಇಳಿಜಾರಲ್ಲೇ ನೀರು ಅಂಚಿಗೆ ಬಂದು ಚರಂಡಿಗೆ ಬೀಳ್ಬೇಕು. ಅಂಚಲ್ಲಿ ಹುಲ್ಲು ಬೆಳೆದು ಮಣ್ಣು ಕೂತು ನಾಲ್ಕು ಬೆರಳು ಎತ್ತರ ಆಯ್ತು ಅಂದ್ರೆ ಮುಗೀತು, ನೀರು ಚರಂಡಿ ಮುಖಾನೇ ನೋಡಲ್ಲ, ರಸ್ತೆ ಮೇಲೇ ಹೊಳೆ ಥರ ಇಳ್ಕೊಂಡು ಹೋಗುತ್ತೆ, ಡಾಂಬರಿನ ಬಿರುಕಲ್ಲಿ ಒಳಗೆ ಇಳಿಯುತ್ತೆ, ಮೇಲೆ ಒಂದು ಪಿಕಪ್ ಅಡಿಕೆ ಮೂಟೆ ಹೇರ್ಕೊಂಡು ಹೋದ್ರೆ ಆ ನೀರೇ ಜೆಲ್ಲಿ ಕೆಳಗಿನ ಮಣ್ಣನ್ನ ಕೆಸರು ಮಾಡಿ ಹೊರಗೆ ಉಗಿಯುತ್ತೆ. ಮಾರನೇ ದಿನ ಅಲ್ಲೊಂದು ಗುಂಡಿ. ನಾವು ಗುಂಡಿ ನೋಡಿ ಬಯ್ತೀವಿ, ಅಜ್ಜ ಅಂಚಿನ ಹುಲ್ಲು ನೋಡಿ ಬಯ್ತಾರೆ.

ಈಗ ಗ್ಯಾಂಗ್ ಎಲ್ಲಿದೆ, ಎಲ್ಲ ಟೆಂಡರ್. ನಮ್ಮ ರಸ್ತೆಗೆ ಚರಂಡಿ ಕ್ಲೀನ್ ಮಾಡೋಕೆ ಜೆಸಿಬಿ ಬಂದಿದ್ದು ಜೂನ್ ಮೂರನೇ ವಾರ, ಮಳೆ ಶುರುವಾಗಿ ಹದಿನೈದು ದಿನ ಆದ್ಮೇಲೆ. ಬಂದೋನು ಗಂಟೆ ಲೆಕ್ಕದೋನು, ಅವಂದೇನೂ ತಪ್ಪಿಲ್ಲ, ಜೊತೆಗೆ ನಿಂತು ಇಲ್ಲಿ ಹಿಂಗೆ ಮಾಡು ಅಂತ ಹೇಳೋರೇ ಯಾರೂ ಇರ್ಲಿಲ್ಲ. ಬಕೆಟ್ ಹಾಕಿ ಚರಂಡಿ ಮಣ್ಣು ಎತ್ತಿದ, ಎತ್ತಿದ ಮಣ್ಣನ್ನ ಎಲ್ಲಿಗೆ ಹಾಕಿದ ಗೊತ್ತಾ, ರಸ್ತೆಗೂ ಚರಂಡಿಗೂ ಮಧ್ಯ! ಉದ್ದಕ್ಕೂ ಒಂದು ಏರಿ ಕಟ್ಟಿದ ಹಾಗಾಯ್ತು, ಅತ್ತ ಚರಂಡಿ ಕ್ಲೀನಾಗಿ ಒಣಗಿ ನಿಂತಿದೆ, ಇತ್ತ ರಸ್ತೆ ಮೇಲೆ ಪಾದ ಮುಳುಗೋ ನೀರು, ನಡುವೆ ಇವ್ರ ಏರಿ. ಬಿಲ್ಲಿಗೆ ಫೋಟೋ ಹಾಕೋಕೆ ಮಾತ್ರ ಒಳ್ಳೇ ಚರಂಡಿ. ಸಾಲ್ದು ಅಂತ ಬಕೆಟ್ ಹಲ್ಲು ಧರೆ (ರಸ್ತೆ ಬದಿಗೆ ಗುಡ್ಡ ಕಡಿದು ನಿಂತಿರೋ ಮಣ್ಣಿನ ಗೋಡೆ) ಬುಡಕ್ಕೂ ತಾಗಿದೆ, ಬುಡ ಕೆರೆದ ಧರೆ ಎಷ್ಟು ದಿನ ನಿಲ್ಲುತ್ತೆ, ಹತ್ತನೇ ದಿನಕ್ಕೆ ಒಂದು ಹಲಸಿನ ಮರದ ಸಮೇತ ಕೂತ್ಕೊಳ್ತು. ಹೋಗ್ತಾ ಹೋಗ್ತಾ ಇಂಟರ್ನೆಟ್ ಕೇಬಲ್ಲೂ ಕಿತ್ಕೊಂಡು ಹೋದ, ವರ್ಕ್ ಫ್ರಮ್ ಹೋಮ್ ಮಾಡೋ ನಮ್ಮ ಎದುರು ಮನೆ ಹುಡ್ಗಿ ನಾಲ್ಕು ದಿನ ಲ್ಯಾಪ್‌ಟಾಪ್ ಹಿಡ್ಕೊಂಡು ಗುಡ್ಡದ ತುದಿಲಿ ಕೊಡೆ ಕೆಳಗೆ ಕೂತಿದ್ಲು, ಉಂಬಳ ಕಚ್ಚಿಸ್ಕೊಂಡು.

ಅಜ್ಜ ಬಂದು ನೋಡಿದ್ರು, ಏನೂ ಮಾತಾಡ್ಲಿಲ್ಲ, ಮನೆಗೆ ಹೋಗಿ ಗುದ್ದಲಿ ತಂದು ಆ ಏರಿನ ಹತ್ತು ಹತ್ತು ಮಾರಿಗೊಂದು ಕಡೆ ಕಡಿದು ಬಿಟ್ರು. ಎಪ್ಪತ್ತು ದಾಟಿದ ಮನುಷ್ಯ. ನಾನೂ ನಾಚಿಕೆಗೆ ಒಂದೈದು ಕಡಿದೆ, ಎರಡು ದಿನ ಸೊಂಟ ಹಿಡ್ಕೊಂಡಿತ್ತು.

ಗುಂಡಿ ಮುಚ್ಚೋ ಸರ್ವಿಸ್ಸಿಗೆ ಬರೋಣ. ಬಿಸಿ ಡಾಂಬರು ಮಿಕ್ಸು ನೂರು ಡಿಗ್ರಿಗಿಂತ ಮೇಲೆ ಬಿಸಿ ಇರುವಾಗ್ಲೇ ಹರಡಿ ರೋಲರ್ ಹೊಡೀಬೇಕು, ಮಳೆ ಬರುವಾಗ, ನೀರು ನಿಂತ ಕಡೆ ಹಾಕೋ ಹಂಗೇ ಇಲ್ಲ, ಅದು ಸರ್ಕಾರದ ನಿಯಮದಲ್ಲೇ ಇದೆ. ಹಾಗಾಗಿ ಜುಲೈಲಿ ಯಾಕೆ ಡಾಂಬರ್ ಹಾಕಿಲ್ಲ ಅಂತ ಕೇಳೋದು ತಪ್ಪು. ನವೆಂಬರಿಂದ ಏಪ್ರಿಲ್ ತನಕ ಅಷ್ಟೂ ತಿಂಗಳು ಬಿಸಿಲು ಇತ್ತಲ್ಲ, ಆಗ ಎಲ್ಲಿಗೆ ಹೋಗಿದ್ರಿ ಅಂತ ಕೇಳ್ಬೇಕು. ನಮ್ಮ ಕಡೆ ಡಾಂಬರ್ ಲಾರಿ ಕಾಣಿಸೋದು ಎರಡೇ ಸಲ, ಮಾರ್ಚ್ ಕೊನೇ ವಾರ ಬಿಲ್ ಮಾಡೋ ಅವಸರದಲ್ಲಿ ಒಂದ್ಸಲ, ಮೇ ಕೊನೇಲಿ ಮೋಡ ಕಟ್ಟಿ ಗುಡುಗೋವಾಗ ಇನ್ನೊಂದ್ಸಲ. ಈ ಎರಡನೇ ಥರದ್ದು ನಮ್ಮ ಶಾಲೆ ತಿರುವಲ್ಲಿ ಹಾಕಿದ್ರು, ಸಂಜೆ ಹಾಕಿದ್ದು, ರಾತ್ರಿ ಮಳೆ, ಮಾರನೇ ದಿನ ಬೆಳಗ್ಗೆ ಹಾಲಿನ ಡೈರಿಗೆ ಹೋಗೋವಾಗ ಚಪ್ಪಲಿ ತುದಿಲಿ ಒದ್ರೆ ಅವಲಕ್ಕಿ ಉಂಡೆ ಥರ ಬಿಟ್ಕೊಂಡು ಬರ್ತಿತ್ತು.

ಮಳೆಗಾಲದಲ್ಲಿ ಹಳ್ಳಿ ರಸ್ತೆಗೆ ಸಿಗೋದು ಜೆಲ್ಲಿ ಪೌಡರ್ ಮಣ್ಣು ಕಲೆಸಿದ ಮಿಕ್ಸು. ಟ್ರ್ಯಾಕ್ಟರಲ್ಲಿ ತಂದು ಗುಂಡಿಗೆ ಸುರೀತಾರೆ, ನೀರು ತುಂಬಿದ ಗುಂಡಿಗೇ ಸುರೀತಾರೆ, ಸಲಿಕೆ ಬೆನ್ನಲ್ಲಿ ಎರಡು ತಟ್ಟು, ಮುಂದಿನ ಗುಂಡಿ. ಎರಡು ಮಳೆಗೆ ಮಣ್ಣು ಹೋಗುತ್ತೆ, ಜೆಲ್ಲಿ ರಸ್ತೆ ತುಂಬಾ ಹರಡುತ್ತೆ. ಮುಂಚೆ ಗುಂಡಿ ಇತ್ತು, ಗುಂಡಿ ಎಲ್ಲಿದೆ ಅಂತ ನಮಗೂ ಗೊತ್ತಿತ್ತು, ಕಣ್ಣು ಮುಚ್ಚಿ ತಪ್ಪಿಸ್ತಿದ್ವಿ. ಈಗ ಗುಂಡಿ ಜೊತೆಗೆ ಉರುಳೋ ಜೆಲ್ಲಿ. ನಾನು ಬೈಕ್ ಸಮೇತ ಮಲಗಿದ್ದು ಗುಂಡಿಲಿ ಅಲ್ಲ ಸ್ವಾಮಿ, ರಿಪೇರಿ ಆದ ಜಾಗದಲ್ಲಿ, ಮೊಣಕೈ ಚರ್ಮ ಇನ್ನೂ ಸರಿಯಾಗಿ ಬಂದಿಲ್ಲ. ಇದಕ್ಕೆ ಸೊನ್ನೆ ಸ್ಟಾರ್ ಕೊಡೋ ಅವಕಾಶ ಇದ್ರೆ ಕೊಡ್ತಿದ್ದೆ.

ಹಾಗಂತ ಮಳೆಲಿ ಮುಚ್ಚೋಕೇ ಆಗಲ್ಲ ಅಂತಲ್ಲ. ಪೇಟೆ ಬಸ್‌ಸ್ಟ್ಯಾಂಡ್ ಎದುರಿಗೆ ಚೀಲದಲ್ಲಿ ಬರೋ ರೆಡಿ ಡಾಂಬರ್ ಮಿಕ್ಸ್ ಹಾಕೋದನ್ನ ಹೋಟ್ಲಲ್ಲಿ ಕೂತು ಪೂರ್ತಿ ನೋಡಿದೀನಿ, ಬನ್ಸ್ ತಿಂದು ಎರಡು ಟೀ ಆಗೋ ತನಕ. ಮೂರೇ ಜನ. ಒಬ್ಬ ಪಿಕಾಸಿಲಿ ಗುಂಡಿ ಅಂಚನ್ನ ನೇರಕ್ಕೆ ಕಡಿದು ಚೌಕ ಮಾಡಿದ, ಸಡಿಲ ಇದ್ದಿದ್ದೆಲ್ಲ ಕಿತ್ತು ಹಾಕಿದ. ಇನ್ನೊಬ್ಬ ತಗಡಿನ ಡಬ್ಬಲ್ಲಿ ನೀರು ಮೊಗೆದು ಹಾಕಿ, ತಳ ಗುಡಿಸಿ, ಗೋಣಿಚೀಲದಲ್ಲಿ ಒರೆಸಿದ. ಹೌದು, ಒರೆಸಿದ, ಮನೆ ಜಗಲಿ ಒರೆಸೋ ಹಾಗೆ. ಮಿಕ್ಸ್ ಹಾಕಿದ್ದು ಒಂದೇ ಸಲಕ್ಕಲ್ಲ, ಸ್ವಲ್ಪ ಹಾಕಿ ಕುಟ್ಟಿ, ಇನ್ನೊಂದು ಪದರ ಹಾಕಿ ಕುಟ್ಟಿ, ಕೊನೆಗೆ ರಸ್ತೆಗಿಂತ ಚೂರು ಉಬ್ಬಿಸಿ ಬಿಟ್ರು, ಬಸ್ಸು ಓಡಾಡಿದ್ರೆ ಕೂರುತ್ತೆ ಅಂತ. ಅದು ಜುಲೈ ಮೊದಲ ವಾರದ ಕೆಲಸ, ಇವತ್ತಿಗೂ ಅಲ್ಲೇ ಇದೆ. ಅದೇ ಚೀಲ, ಅದೇ ಮಿಕ್ಸು, ಪೇಟೆ ದಾಟಿ ಎರಡು ಕಿಲೋಮೀಟರಿಗೆ ಬೇರೆ ಗುಂಪು ನೀರಲ್ಲೇ ಸುರಿದು ಹೋಗಿದ್ದು ಮೂರನೇ ದಿನ ಇಲ್ಲ. ಚೀಲ ತರ್ಸೋಕೆ ದುಡ್ಡಿದೆ, ಗುಂಡಿ ಒರೆಸೋಕೆ ಹತ್ತು ನಿಮಿಷ ಇಲ್ಲ.

ಇನ್ನೊಂದು, ಇದು ಎಲ್ರಿಗೂ ಉಪಯೋಗ ಆಗೋ ವಿಷ್ಯ. ನಮ್ಮ ನಾಲ್ಕು ಕಿಲೋಮೀಟರಲ್ಲಿ ಅರ್ಧಕ್ಕೆ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ರಸ್ತೆ. ಶುರುವಲ್ಲಿ ಒಂದು ಸಿಮೆಂಟ್ ಬೋರ್ಡ್ ಇದೆ, ಆಡು ಮೈ ತಿಕ್ಕೋಕೆ ಮಾತ್ರ ಇರೋದು ಅಂತ ನಾನೂ ಅಂದ್ಕೊಂಡಿದ್ದೆ. ಒಂದಿನ ಬೈಕ್ ಪಂಕ್ಚರಾಗಿ ಅಲ್ಲೇ ನಿಂತಾಗ ಪಾಚಿ ಕೆರೆದು ಓದಿದ್ರೆ, ರಸ್ತೆ ಮಾಡಿದ ಖರ್ಚಿನ ಕೆಳಗೆ ಮುಂದಿನ 5 ವರ್ಷ ಇದೇ ಗುತ್ತಿಗೆದಾರ ನಿರ್ವಹಣೆ ಮಾಡ್ಬೇಕು, ಒಂದನೇ ವರ್ಷಕ್ಕೆ ಇಷ್ಟು, ಎರಡನೇ ವರ್ಷಕ್ಕೆ ಇಷ್ಟು ಅಂತ ದುಡ್ಡಿನ ಸಮೇತ ಬರ್ದಿದಾರೆ. ನಮ್ಮ ರಸ್ತೆಗೆ ನಾಲ್ಕನೇ ವರ್ಷ ನಡೀತಿತ್ತು. ಬೋರ್ಡಿನ ಫೋಟೋ, ಗುಂಡಿ ಫೋಟೋ ಎರಡೂ ಪ್ರಿಂಟ್ ಹಾಕಿಸಿ ಸಂಬಂಧಪಟ್ಟ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಇನ್‌ವರ್ಡ್ ಸೀಲ್ ಹಾಕಿಸ್ಕೊಂಡೆ. ಎಂಜಿನಿಯರ್ ಸಾಹೇಬ್ರು ಒಳ್ಳೇ ಮನುಷ್ಯ, "ಬೋರ್ಡ್ ಓದ್ಕೊಂಡು ಬಂದೋರನ್ನ ಇವತ್ತೇ ನೋಡಿದ್ದು ಮಾರಾಯ್ರೇ" ಅಂತ ನಕ್ರು. ಹನ್ನೆರಡು ದಿನಕ್ಕೆ ಕೆಲಸದೋರು ಬಂದ್ರು, ಅಂಚಿನ ಹುಲ್ಲೂ ಕೆತ್ತಿದ್ರು. ಉಳಿದ ಅರ್ಧ ಪಂಚಾಯ್ತಿದು, ಅದಕ್ಕೆ ಬೋರ್ಡೂ ಇಲ್ಲ ಬುಡವೂ ಇಲ್ಲ. ನಿಮ್ಮೂರಲ್ಲಿ ಬೋರ್ಡ್ ಇದ್ರೆ ದಯವಿಟ್ಟು ಪಾಚಿ ಕೆರೀರಿ.

ಆನ್‌ಲೈನ್ ದೂರಿನ ಕತೆ ಕೇಳಿ. ಪಂಚಾಯ್ತಿ ಕಡೆಯ ಅರ್ಧಕ್ಕೆ ಅಂತ ದೂರು ಹಾಕಿದ್ದೆ, ಫೋಟೋ ಸಮೇತ. ಒಂದು ವಾರಕ್ಕೆ ಮೆಸೇಜು, "ನಿಮ್ಮ ದೂರನ್ನು ಪರಿಹರಿಸಲಾಗಿದೆ". ತೆಗೆದು ನೋಡಿದ್ರೆ ಮುಚ್ಚಿದ ಗುಂಡಿ ಫೋಟೋ ಹಾಕಿದಾರೆ, ಪಕ್ಕದಲ್ಲಿ ಯಾರದೋ ನೆರಳು ಚೂಪಾಗಿ ಬಿದ್ದಿದೆ. ನೆರಳು! ಆಶ್ಲೇಷಾ ಮಳೆ, ನಮ್ಮನೇಲಿ ಒಳಗೆ ಹಗ್ಗ ಕಟ್ಟಿ ಹೊಗೆ ಹಾಕಿ ಬಟ್ಟೆ ಒಣಗಿಸ್ತಿದೀವಿ, ಹತ್ತು ದಿನದಿಂದ ಸೂರ್ಯ ಹೆಂಗಿದಾನೆ ಅಂತ ಯಾರಿಗೂ ಗೊತ್ತಿಲ್ಲ, ಇವ್ರಿಗೆ ಮಾತ್ರ ಎಲ್ಲಿಂದಲೋ ಬಿಸಿಲು ಸಿಕ್ಕಿದೆ. ಫೋನ್ ಮಾಡಿ ಕೇಳಿದೆ, ಆ ಕಡೆಯಿಂದ "ಟೆಕ್ನಿಕಲ್ ಪ್ರಾಬ್ಲಮ್ ಸಾರ್" ಅಂತ. ಫೋನ್ ವಿಷ್ಯದಲ್ಲಿ ಒಂದು ಒಳ್ಳೇ ಮಾತೂ ಹೇಳ್ಬೇಕು, ಮರ ಬಿದ್ದಿದೆ, ಧರೆ ಬಂದಿದೆ ಅಂತ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ರಾತ್ರಿ ಹೊತ್ತಲ್ಲಿ ಮಾಡಿದ್ರೂ ಎತ್ತಿದಾರೆ, ಎರಡೂ ಸಲ. ಹೆದ್ದಾರಿಗಾದ್ರೆ 1033 ಅಂತ ಬೇರೆ ನಂಬರ್ ಇದೆ, ಅದನ್ನ ಇನ್ನೂ ಬಳಸಿಲ್ಲ. ಆದ್ರೆ ನೆಟ್‌ವರ್ಕ್ ಇರೋ ತಿರುವಲ್ಲೇ ಮರ ಬೀಳ್ಬೇಕು ಅಷ್ಟೆ.

ಘಾಟಿ ಕತೆ ಬೇರೆ, ಇಲ್ಲಿ ನಿಜವಾಗ್ಲೂ ಸರ್ವಿಸ್ ಇದೆ. 14 ಹೇರ್‌ಪಿನ್ ತಿರುವು, ದೊಡ್ಡ ಬಸ್ಸುಗಳು ಮೊದ್ಲಿಂದ್ಲೂ ಇಳಿಯಲ್ಲ, ಮಿನಿ ಬಸ್ಸೇ. ಮಳೆ ಜೋರಾದ್ರೆ ಭಾರಿ ವಾಹನ ನಿಷೇಧ ಅಂತ ಜಿಲ್ಲಾಧಿಕಾರಿ ಆದೇಶ ಬರುತ್ತೆ, ದೊಡ್ಡ ಗಾಡಿಗಳು ಮಾಸ್ತಿಕಟ್ಟೆ ಸಿದ್ದಾಪುರ ಮೇಲೆ ಕುಂದಾಪುರಕ್ಕೆ ಸುತ್ತಿ ಹೋಗ್ಬೇಕು, ಪೂರ್ತಿ ಬಂದಾದ್ರೆ ನಮ್ಮಂಥ ಕಾರಿನೋರು ಶೃಂಗೇರಿ ಕೆರೆಕಟ್ಟೆ ಮಾಳ ಮೇಲೆ ಕಾರ್ಕಳಕ್ಕೆ. ಆದೇಶದ ಬಗ್ಗೆ ತಕರಾರಿಲ್ಲ, ಅದು ಬರೋ ಹೊತ್ತಿನ ಬಗ್ಗೆ ಇದೆ, ರಾತ್ರಿ ಒಂಬತ್ತಕ್ಕೆ ವಾಟ್ಸಾಪಲ್ಲಿ ಪಿಡಿಎಫ್ ಬಂದ್ರೆ ಆರು ಗಂಟೆಗೆ ಹೊರಡೋ ಲಾರಿಯೋನು ಅದನ್ನ ನೋಡಿರ್ತಾನಾ, ಗೇಟಿನ ತನಕ ಬಂದು ಬಯ್ಕೊಂಡು ವಾಪಸ್ ತಿರುಗಿಸ್ತಾನೆ, ತಿರುಗಿಸೋ ಗಡಿಬಿಡಿಲಿ ಇನ್ನರ್ಧ ಗಂಟೆ ಎಲ್ರೂ ನಿಲ್ತೀವಿ.

ಜುಲೈ ಚೆಕಪ್ಪಿಗೆ ಹೋದಾಗ ಐದೋ ಆರೋ ತಿರುವು ಇಳಿದಿರ್ಬೇಕು, ಮಂಜು ಹೆಂಗಿತ್ತು ಅಂದ್ರೆ ಬಾನೆಟ್ ತುದಿ ಕಾಣ್ತಿರ್ಲಿಲ್ಲ, ಅಂಚಿನ ಬಿಳಿ ಗೆರೆ ಒಂದನ್ನೇ ನೆಚ್ಕೊಂಡು ಇಳೀತಿದ್ದೆ, ಆ ಗೆರೆಯೂ ಒಂದೊಂದು ಕಡೆ ಪಾಚಿ ಹಿಡಿದು ಹಸಿರಾಗಿದೆ. ಎದುರಿಗೆ ಕೆಂಪು ಲೈಟು, ಅಡ್ಡಡ್ಡ ಮರ. ಅಪ್ಪಯ್ಯ "ಇವತ್ತಿಗೆ ಡಾಕ್ಟ್ರು ಕ್ಯಾನ್ಸಲ್, ತಿರುಗ್ಸು" ಅಂದ್ರು. ತಿರುಗ್ಸೋಕೆ ಜಾಗ ಎಲ್ಲಿ. ಇಪ್ಪತ್ತು ನಿಮಿಷಕ್ಕೆ ಕೆಳಗಿಂದ ಜೆಸಿಬಿ ಬಂತು, ಮಳೆಗಾಲ ಮುಗಿಯೋ ತನಕ ಘಾಟಿ ಬುಡದಲ್ಲೇ ಇರ್ತಾನಂತೆ ಆ ಹುಡುಗ, ಉತ್ತರ ಕರ್ನಾಟಕದ ಕಡೆಯೋನು, ಮೈಮೇಲೆ ಗೊಬ್ಬರದ ಚೀಲ ಕೊಪ್ಪೆ ಹಾಕ್ಕೊಂಡಿದ್ದ. ಮಿನಿ ಬಸ್ಸಿಂದ ಇಳಿದ ಇಬ್ರು ಕತ್ತಿ ತಗೊಂಡು ಕೊಂಬೆ ಸವರಿದ್ರು, ಯಾರದೋ ಜೀಪಲ್ಲಿ ಮರ ಕೊಯ್ಯೋ ಮಿಷನ್ ಇತ್ತು. ಹುಡುಗ ಮೊದ್ಲು ಮರಕ್ಕೆ ಕೈ ಹಾಕ್ಲಿಲ್ಲ ನೋಡಿ, ಇಳಿದು ಮೇಲಿನ ಧರೆನ ಟಾರ್ಚ್ ಬಿಟ್ಟು ಒಂದು ನಿಮಿಷ ನೋಡಿದ, ಬಕೆಟ್ಟಿಂದ ಚರಂಡಿಲಿ ಕಟ್ಟಿದ್ದ ಸೊಪ್ಪು ಮಣ್ಣು ಎತ್ತಿ ನೀರಿಗೆ ದಾರಿ ಮಾಡ್ದ, ಎತ್ತಿದ್ದನ್ನ ದೂರಕ್ಕೆ ಒಯ್ದು ಹಾಕ್ದ, ಆಮೇಲೆ ಮರ ತಳ್ಳಿದ. ಯಾಕಪ್ಪಾ ಅಂದ್ರೆ "ನೀರ್ ನಿಂತ್ರ ಇನ್ನೊಂದ್ ಬೀಳ್ತದ್ರೀ" ಅಂದ. ಒಟ್ಟು ಐವತ್ತು ನಿಮಿಷ. ನಮ್ಮೂರಿಗೆ ಬಂದಿದ್ದೂ ಜೆಸಿಬಿನೇ, ಇದೂ ಜೆಸಿಬಿನೇ. ಒಂದು ಸ್ಟಾರ್ ಪೂರ್ತಿ ಇವನಿಗೆ.

ಕಾಂಕ್ರೀಟ್ ಹಾಕಿದ್ರೆ ಎಲ್ಲ ತಲೆನೋವು ಹೋಯ್ತು ಅನ್ನೋ ನಮ್ಮ ಬಾವನಂಥೋರು ತುಂಬಾ ಜನ ಇದಾರೆ. ಶಿರಾಡಿಲಿ 2015ರಲ್ಲೊಂದು ಹಂತ, 2018ರಲ್ಲೊಂದು ಹಂತ ಅಂತ ತಿಂಗಳುಗಟ್ಟಲೆ ಘಾಟಿ ಬಂದ್ ಮಾಡಿ ಕಾಂಕ್ರೀಟ್ ಹಾಕಿದ್ರು, 2018ರ ಜುಲೈಲಿ ಬಿಟ್ರು, ಆಗಸ್ಟಲ್ಲಿ ಗುಡ್ಡ ಕುಸಿದು ಮತ್ತೆ ಬಂದ್. ಕಾಂಕ್ರೀಟ್ ಗಟ್ಟಿ ಇತ್ತು, ಅದು ಕೂತಿದ್ದ ಗುಡ್ಡ ಗಟ್ಟಿ ಇರ್ಲಿಲ್ಲ. ಅದೇ ತಿಂಗಳು ಮಡಿಕೇರಿ ಸಂಪಾಜೆ ರಸ್ತೆ ಜೋಡುಪಾಲದ ಕಡೆ ಹಾಳಾಯ್ತು, ಮಾರನೇ ವರ್ಷ ಆಗಸ್ಟಲ್ಲಿ ಚಾರ್ಮಾಡಿ. 2024ರ ಜುಲೈ 16ಕ್ಕೆ ಅಂಕೋಲ ಹತ್ರ ಶಿರೂರಲ್ಲಿ 66ನೇ ಹೆದ್ದಾರಿ ಮೇಲೆ ಗುಡ್ಡ ಬಂದಾಗ ಟೀ ಅಂಗಡಿಯೋರ ಕುಟುಂಬವೇ ಹೋಯ್ತು, ಲಾರಿಯೋರು ಹೋದ್ರು. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯೋಕೆ ಮನಸ್ಸಾಗಲ್ಲ. ಬಾವನಿಗೆ ಹೇಳಿದ್ದಿಷ್ಟೆ, ಗುಡ್ಡನ ನೆಟ್ಟಗೆ ಕಡಿದು ಅದರ ನೀರಿಗೆ ದಾರಿ ಬಿಡ್ದೇ ಹೋದ್ರೆ ಕೆಳಗೆ ನೀವು ಬೆಳ್ಳಿ ಹಾಸಿದ್ರೂ ಅಷ್ಟೇ.

ಸ್ಟಾರ್ ಲೆಕ್ಕ ಕೇಳೋರಿಗೆ, ಜೆಸಿಬಿ ಹುಡುಗಂದು ಒಂದು, ಬಸ್‌ಸ್ಟ್ಯಾಂಡಲ್ಲಿ ಗುಂಡಿ ಒರೆಸಿದ ಆ ಮೂರು ಜನರಿಗೂ ಬೋರ್ಡಿನ ಎಂಜಿನಿಯರ್ ಸಾಹೇಬ್ರಿಗೂ ಸೇರಿ ಒಂದು. ಉಳಿದ ಮೂರು ಚರಂಡಿಗೆ ಅಂತ ಇಟ್ಟಿದ್ದೆ, ಹಂಗೇ ಇದೆ.

ಮೊನ್ನೆ ಭಾನುವಾರ ನಮ್ಮ ಮನೆ ಹತ್ರದ ಮೋರಿ ಕಟ್ಕೊಂಡು ರಸ್ತೆ ಮೇಲೆ ಮೊಣಕಾಲು ನೀರು ನಿಂತಿತ್ತು, ಅಜ್ಜ ಕರೆದ್ರು ಅಂತ ನಾನೂ ಎದುರು ಮನೆಯೋರೂ ಹೋದ್ವಿ. ಬಿದಿರು ಗಳು ತೂರಿಸಿ ಆಚೆಯಿಂದ ಈಚೆಗೆ ಒಂದು ಗಂಟೆ ತಿವಿದ ಮೇಲೆ ಒಂದೊಂದೇ ಬಂತು, ಅಡಿಕೆ ಹಾಳೆ, ಬಾಟ್ಲಿ, ಯಾರದೋ ಒಂಟಿ ಗಂಬೂಟು, ಕೊನೆಗೆ ಏನೋ ದೊಡ್ಡದು ಬಾಯಿಗೆ ಅಡ್ಡ ಕೂತಿದ್ದು ಮೂರು ಜನ ಎಳೆದ್ಮೇಲೆ ಬಿಟ್ಕೊಳ್ತು, ನೀರು ಗುಡುಗುಡು ಅಂತ ಇಳಿದು ಹೋಯ್ತು. ಬಿಡಿಸಿ ನೋಡಿದ್ರೆ ಫ್ಲೆಕ್ಸು, ಹೋದ ವರ್ಷ ನಮ್ಮ ರಸ್ತೆ ಕಾಮಗಾರಿ ಗುದ್ದಲಿ ಪೂಜೆಗೆ ಹಾಕಿದ್ದು. ಮುಖ ಯಾವ್ದೂ ಕಾಣ್ತಿರ್ಲಿಲ್ಲ, ಕೆಳಗೆ "ಹಾರ್ದಿಕ ಅಭಿನಂದನೆಗಳು" ಅಂತ ಇದ್ದಿದ್ದು ಮಾತ್ರ ಓದೋಕಾಗ್ತಿತ್ತು. ಅಜ್ಜ ಅದನ್ನ ಅದೇ ನೀರಲ್ಲಿ ತೊಳ್ದು, ಮಡ್ಚಿ ಕಂಕುಳಲ್ಲಿ ಇಟ್ಕೊಂಡ್ರು, ಸೌದೆ ಕೊಟ್ಟಿಗೆ ಸೋರ್ತಿದೆಯಂತೆ.